ಎರಡು ಎಂಬಿಗೂ ತಾಳ ಗೊತ್ತು ಮಾರಾಯ್ರೆ

ನಮಸ್ಕಾರ, ಮಲ್ಪೆಯಿಂದ. ಹಿಂದೆ ಮಳೆ ಸದ್ದು ಕೇಳಿಸಿದರೆ ಬೇಜಾರು ಮಾಡಬೇಡಿ. ಈ ಹಂಚಿನ ಮಾಡಿನ ಎದುರು ನನ್ನ ಮೈಕ್ ಏನೂ ಅಲ್ಲ.

ಕಳೆದ ಸಲ ಅಮಿಗಾ 1200 ಎಂಬ ಹಳೆ ಕಂಪ್ಯೂಟರಿನಲ್ಲಿ ಸ್ಕಾಲಾ ಓಡಿಸಿ ತೋರಿಸಿದ್ದೆ ಅಲ್ವಾ? ಪರದೆ ಮೇಲೆ ಹೆಸರು, ಚಿತ್ರ ಒಂದೊಂದಾಗಿ ಬರಿಸುವ ಪ್ರೋಗ್ರಾಂ ಅದು. ಒಬ್ಬರು ಬರೆದಿದ್ದಾರೆ: "ನನ್ನ ಮಗಳು ಇದನ್ನು ಫೋನಿನಲ್ಲಿ ಎರಡು ನಿಮಿಷದಲ್ಲಿ ಮಾಡ್ತಾಳೆ. ಈ ಗುಜರಿ ಯಾಕೆ?"

ಗುಜರಿಯಂತೆ!

ಮಗಳು ಜಾಣೆ, ಒಪ್ಪಿದೆ. ಆದರೆ ನಾನು ಹೇಳಿದ್ದು ಬೇರೆ. ಪರದೆ ಮೇಲೆ ಒಂದು ಹೆಸರು ಜಾರಿ ಬರುವಾಗ ನಡುವೆ ತಡವರಿಸಬಾರದು. ತಾಳ ತಪ್ಪಬಾರದು. ಅಷ್ಟೇ.

ಮೊನ್ನೆ ಉಡುಪಿ ಹತ್ತಿರ ಒಂದು ಮದುವೆಗೆ ಹೋಗಿದ್ದೆ. ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ. ಮದುಮಗಳ ಹೆಸರು ಎಡದಿಂದ ಬಂತು, ಅರ್ಧದಲ್ಲಿ ನಿಂತಿತು. ಚಕ್ರ ತಿರುಗಲು ಶುರು. ನಾವು ಸಾಲಿನಲ್ಲಿ ನಿಂತು ಕವರ್ ಕೊಟ್ಟೆವು, ಊಟಕ್ಕೆ ಕೂತೆವು, ಪಾಯಸವೂ ಬಂತು. ಹೆಸರಿನ ಉಳಿದರ್ಧ ಬರಲಿಲ್ಲ.

ಈಗ ನನ್ನ ಗುಜರಿ ನೋಡಿ. 1992ರದ್ದು. 14 ಮೆಗಾಹರ್ಟ್ಸ್, 2 ಎಂಬಿ ಮೆಮೊರಿ. ದುಬೈಯಿಂದ ಮಾವ ತಂದದ್ದು. ಹಿಂದೆ ಹಳದಿ ಪಿನ್ ಉಂಟು, ಅದನ್ನು ಅಮ್ಮನ ಹಳೆ ಡಬ್ಬಾ ಟಿವಿಗೆ ಚುಚ್ಚಿದರೆ ಮುಗಿಯಿತು. ಯಾಕೆ ಅಂದರೆ ಇದು ಟಿವಿಯ ಲೆಕ್ಕದಲ್ಲೇ ಉಸಿರಾಡುವ ಯಂತ್ರ. ನಮ್ಮಲ್ಲಿನ ಪಾಲ್ (PAL) ಪದ್ಧತಿಯ ಡಬ್ಬಾ ಟಿವಿಯಲ್ಲಿ ಚಿತ್ರ ಬರೆಯುವ ಕಿರಣ ಸೆಕೆಂಡಿಗೆ 50 ಸಲ ಮೇಲಿಂದ ಕೆಳಗೆ ಇಳಿಯುತ್ತದೆ. ಈಗ ಯಾವ ಗೆರೆ ಬರೆಯುತ್ತಿದೆ ಎಂದು ಅಮಿಗಾದೊಳಗಿನ ಕಾಪರ್ ಎಂಬ ಸರ್ಕ್ಯೂಟ್ ಕಾದು ಕೂತಿರುತ್ತದೆ. ಆ ಗೆರೆಗೆ ಸರಿಯಾಗಿ ಬಣ್ಣ ಬದಲಿಸುತ್ತದೆ. ಚಿತ್ರದ ತುಂಡು ಎತ್ತಿಡುವ ಕೆಲಸ ಬ್ಲಿಟರ್ ಎಂಬ ಇನ್ನೊಂದು ಸರ್ಕ್ಯೂಟಿನದ್ದು. ಭಾಗವತರ ತಾಳಕ್ಕೆ ವೇಷ ಕುಣಿದ ಹಾಗೆ. ತಪ್ಪುವುದೆಲ್ಲಿಂದ?

ಅದರ ಮೇಲೆ ನಾರ್ವೆಯವರು ಸ್ಕಾಲಾ ಮಾಡಿದರು. ಅಂಗಡಿ ಚೀಟಿಯ ಹಾಗೆ ಸಾಲಾಗಿ ಪುಟಗಳು. ಪ್ರತಿ ಪುಟದ ಪಕ್ಕದಲ್ಲಿ ಅದು ಹೇಗೆ ಬರಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾವ ಸದ್ದು. ಹೊರದೇಶದಲ್ಲಿ ಕೇಬಲ್ ಚಾನೆಲ್‌ಗಳು ಇದನ್ನು ಹಗಲು ರಾತ್ರಿ ಓಡಿಸಿದ್ದವು.

"ಪವರ್‌ಪಾಯಿಂಟ್ ಇರುವಾಗ..." ಅಂತ ಇನ್ನೊಬ್ಬರು. ಅಣ್ಣಾ, ಪವರ್‌ಪಾಯಿಂಟ್ 1987ರಲ್ಲಿ ಮ್ಯಾಕಿಂಟಾಷ್‌ನಲ್ಲಿ ಹುಟ್ಟಿದ್ದೇ ಓವರ್‌ಹೆಡ್ ಪ್ರೊಜೆಕ್ಟರ್‌ಗೆ ಹಾಳೆ ಮಾಡಿಕೊಡಲು. ಹಾಳೆಗೆ ಹುಟ್ಟಿದ್ದು ಹಾಳೆಯ ಬುದ್ಧಿಯನ್ನೇ ತೋರಿಸುತ್ತದೆ!

ಹೌದು, ಕನ್ನಡ ಬರೆಯುವುದು ಕಷ್ಟ. ಯೂನಿಕೋಡ್ ಎಲ್ಲಿಂದ ಬರಬೇಕು? "ಮದುವೆಗೆ ಸ್ವಾಗತ" ಅಂತ ಡಿಲಕ್ಸ್ ಪೇಂಟ್ ಎಂಬ ಚಿತ್ರ ಬಿಡಿಸುವ ಪ್ರೋಗ್ರಾಂನಲ್ಲಿ ಒಂದೊಂದೇ ಚುಕ್ಕಿ ಇಟ್ಟು ಬರೆದೆ. ಮೂರು ಸಂಜೆ ಹೋಯಿತು. ಸ್ಕಾಲಾಗೆ ತಂದು ನೋಡಿದರೆ ತಲಕಟ್ಟೆಲ್ಲಾ ಪಟಪಟ ಮಿಣುಕುತ್ತಿದೆ. ಅಕ್ಷರದ ಮೈ ಸುಮ್ನೆ ನಿಂತಿದೆ, ತಲೆ ಮಾತ್ರ ನಡುಗುತ್ತಿದೆ. ಅರ್ಥವಾಗಲು ಅರ್ಧ ಗಂಟೆ ಬೇಕಾಯಿತು. ಇಂಟರ್‌ಲೇಸ್ ಅಂದರೆ ಗೆರೆ ಬಿಟ್ಟು ಗೆರೆ ಬರೆಯುವ ಕ್ರಮ: ಕಿರಣದ ಒಂದು ಸುತ್ತಿನಲ್ಲಿ ಸಮಗೆರೆ, ಇನ್ನೊಂದರಲ್ಲಿ ಬೆಸಗೆರೆ. ನನ್ನ ತಲಕಟ್ಟು ಒಂದೇ ಚುಕ್ಕಿ ದಪ್ಪ, ಹಾಗಾಗಿ ಸೆಕೆಂಡಿಗೆ 25 ಸಲ ಮಾತ್ರ ಮುಖ ತೋರಿಸುತ್ತಿತ್ತು. ಎರಡು ಚುಕ್ಕಿ ದಪ್ಪ ಮಾಡಿದೆ. ತಲೆ ನಿಂತಿತು. ಆಮೇಲೆ "ಸ್ವಾಗತ" ಬಲದಿಂದ ಜಾರಿ ಬಂತು ನೋಡಿ! ಬೆಣ್ಣೆ! ಎರಡೇ ಎಂಬಿ!

ಈ ಮಧ್ಯೆ, ಸ್ಟಿಕ್ಕರ್ ಬಂದಿದೆ. ಹಳೆ ಅಮಿಗಾ ಕೈಕೊಟ್ಟಾಗ "ಗುರು ಮೆಡಿಟೇಶನ್" ಅಂತ ಕೆಂಪು ಚೌಕ ತೋರಿಸುತ್ತಿತ್ತಲ್ಲ, ಅದೇ. ಐವತ್ತು ರೂಪಾಯಿ. ಫ್ರಿಜ್ ಮೇಲೆ ಅಂಟಿಸಿ. ಹಾಂ, ಅಮಿಗಾ ಕೈಕೊಡುತ್ತದೆ, ನಾನು ಇಲ್ಲ ಅಂದೆನಾ? ಕೈಕೊಟ್ಟರೂ ಮರ್ಯಾದೆಯಿಂದ ಚೌಕ ಹಾಕಿ ಹೇಳಿ ಕೈಕೊಡುತ್ತದೆ. ಚಕ್ರ ತಿರುಗಿಸುತ್ತಾ ಕೂರುವುದಿಲ್ಲ.

ಫೋರ್‌ಕೆ ಇಲ್ಲ ಅಂತೀರಾ? ಮದುಮಗಳ ಅರ್ಧ ಹೆಸರನ್ನು ಫೋರ್‌ಕೆಯಲ್ಲಿ ನೋಡಿ ಏನು ಮಾಡಲಿ? ವೈಫೈ ಇಲ್ಲವಾ? ಒಳ್ಳೆಯದೇ ಆಯಿತು! ಮಳೆಗಾಲದಲ್ಲಿ ಫ್ಲಾಪಿಗೆ ಬೂಷ್ಟು ಹಿಡಿಯುತ್ತದಾ? ನನ್ನ ಚಪ್ಪಲಿಗೂ ಹಿಡಿಯುತ್ತದೆ, ಹಾಗಂತ ಬರಿಗಾಲಲ್ಲಿ ನಡೆಯಲಾ? ತಾಳ ತಪ್ಪಬಾರದು ಅಂದರೆ ತಪ್ಪಬಾರದು! ಯಾಕೆ ಅಂದರೆ... ತಪ್ಪಬಾರದು ಮಾರಾಯ್ರೆ, ಅದಕ್ಕೆಂತ ಕಾರಣ!

ಮಗಳನ್ನು ಕರೆದುಕೊಂಡು ಬನ್ನಿ ಇಲ್ಲಿಗೆ. ಗೋಳಿಬಜೆ ನಂದು. ಫೋನೂ ತರಲಿ, ಪಕ್ಕದಲ್ಲಿಟ್ಟು ನೋಡುವಾ. ಸಬ್‌ಸ್ಕ್ರೈಬ್ ಆಗಿ, ಗಂಟೆ ಒತ್ತಿ, ಮುಂದಿನ ವಾರ ಜೆನ್‌ಲಾಕ್, ಅಂದರೆ ವಿಡಿಯೋ ಮೇಲೆ ಅಮಿಗಾದ ಅಕ್ಷರ ಕೂರಿಸುವ ಪೆಟ್ಟಿಗೆ... ಹಾ ಅಮ್ಮಾ, ಬಂದೆ. ಎಂಟು ಗಂಟೆಯಾಯಿತಂತೆ. ಹಳದಿ ಪಿನ್ ತೆಗೆಯಬೇಕು, ಧಾರಾವಾಹಿ ಶುರುವಾಗುತ್ತದೆ.