ಏನನ್ನು ಅಳೆದು ನೋಡಿದಿರಿ ಎಂದು ಕೇಳಲೇಬೇಕು

ನಮಸ್ಕಾರ. ಹಳೆಯ ಕಾರು ಕೊಳ್ಳುವುದರ ಕುರಿತು ನಾನು ಮಾಡಿದ್ದ ಹಿಂದಿನ ಸಂಚಿಕೆಗೆ ಒಬ್ಬ ವೀಕ್ಷಕರು ಬರೆದ ಪ್ರತಿಕ್ರಿಯೆ ಈ ವಾರವೆಲ್ಲ ನನ್ನನ್ನು ಕಾಡುತ್ತಿದೆ. "ನಮ್ಮ ಮೆಕ್ಯಾನಿಕ್ ಬಾನೆಟ್ ಎತ್ತಿ ಎಂಜಿನ್ನಿನ ಸದ್ದು ಕೇಳಿದರೆ ಸಾಕು, ಏನು ಹೋಗಿದೆ ಎಂದು ಹೇಳಿಬಿಡುತ್ತಾರೆ, ಅಂಥವರ ಎದುರು ನಿಂತು ಪ್ರಶ್ನೆ ಕೇಳುವುದು ಅವರ ಅನುಭವಕ್ಕೆ ಮಾಡುವ ಅವಮಾನ" ಎಂದು ಅವರು ಬರೆದಿದ್ದಾರೆ. ಆ ಮಾತನ್ನು ಅನೇಕರು ಮೆಚ್ಚಿಕೊಂಡಿರುವುದನ್ನು ನೋಡಿದ ಮೇಲೆ, ಬೇರೆ ವಿಷಯಕ್ಕೆಂದು ಸಿದ್ಧಪಡಿಸಿದ್ದ ಬರಹವನ್ನು ಪಕ್ಕಕ್ಕಿಟ್ಟು ಇವತ್ತು ಇದೊಂದನ್ನೇ ಮಾತನಾಡಬೇಕೆಂದು ನಿರ್ಧರಿಸಿದೆ.

ಪ್ರಶ್ನೆ ಕೇಳುವುದು ಅವಮಾನವಲ್ಲ. ಸದ್ದು ಕೇಳಿ ಹೇಳುವುದು ಊಹೆ. ವರ್ಷಗಟ್ಟಲೆ ಎಂಜಿನ್‌ಗಳ ನಡುವೆ ಬದುಕಿದವರ ಊಹೆಗೆ ದೊಡ್ಡ ಬೆಲೆಯಿದೆ ಎಂಬುದನ್ನು ನಾನು ಒಪ್ಪುತ್ತೇನೆ, ಏಕೆಂದರೆ ಎಲ್ಲಿಂದ ಹುಡುಕಲು ಶುರುಮಾಡಬೇಕು ಎಂಬುದನ್ನು ಆ ಅನುಭವವೇ ಹೇಳಿಕೊಡುತ್ತದೆ. ಆದರೆ ಊಹೆಯ ಮೇಲೆ ಸ್ಪ್ಯಾನರ್ ಹಿಡಿಯಬಹುದೇ ಹೊರತು ಬಿಲ್ ಬರೆಯುವಂತಿಲ್ಲ. ಒಂದು ಬಿಡಿಭಾಗವನ್ನು ಬದಲಿಸಲೇಬೇಕು ಎಂದು ಹೇಳುವ ಮೊದಲು ಅದು ಕೆಟ್ಟಿದೆ ಎಂಬುದನ್ನು ಯಾವುದಾದರೂ ಅಳತೆಯಿಂದಲೋ ಪರೀಕ್ಷೆಯಿಂದಲೋ ಖಚಿತಪಡಿಸಿಕೊಳ್ಳಬೇಕು. ಮೆಕ್ಯಾನಿಕ್ ಹೇಳಿದ್ದನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸಲು ನೀವು ಎಂಜಿನಿಯರ್ ಆಗಿರಬೇಕಾಗಿಲ್ಲ. ಅವರ ಮುಖ ನೋಡಿ ಪ್ರಾಮಾಣಿಕತೆಯನ್ನು ಅಳೆಯಬೇಕಾಗಿಯೂ ಇಲ್ಲ. "ಅಣ್ಣಾ, ಏನು ಚೆಕ್ ಮಾಡಿ ನೋಡಿದ್ರಿ, ರೀಡಿಂಗ್ ಎಷ್ಟು ಬಂತು?" ಎಂದು ಕೇಳಿದರೆ ಸಾಕು. ಕೆಲಸ ಬಲ್ಲವರು ಸಂತೋಷದಿಂದ ತೋರಿಸುತ್ತಾರೆ.

ನನ್ನ ಪರಿಚಿತರೊಬ್ಬರ ಪೆಟ್ರೋಲ್ ಕಾರು ಕೆಲವು ಬೆಳಿಗ್ಗೆ ಸೆಲ್ಫ್ ಎತ್ತುತ್ತಿರಲಿಲ್ಲ. ಒಂದು ಗ್ಯಾರೇಜಿನವರು ಸ್ಟಾರ್ಟರ್ ಮೋಟಾರ್ ಹೋಗಿದೆ, ಜೊತೆಗೆ ಬ್ಯಾಟರಿಯನ್ನು ಚಾರ್ಜ್ ಮಾಡುವ ಆಲ್ಟರ್ನೇಟರನ್ನೂ ಬದಲಿಸಿಬಿಡುವುದು ಒಳ್ಳೆಯದು ಎಂದು ಹೇಳಿ ದೊಡ್ಡ ಮೊತ್ತದ ಎಸ್ಟಿಮೇಟ್ ಕೊಟ್ಟರು. ಏನನ್ನು ಅಳೆದಿರಿ ಎಂದರೆ ಉತ್ತರವಿರಲಿಲ್ಲ. ಇಂಥ ತೊಂದರೆಗೆ ಬೇಕಾದದ್ದು ಕೆಲವು ನೂರು ರೂಪಾಯಿಗೆ ಸಿಗುವ, ವೋಲ್ಟ್ ಅಳೆಯುವ ಒಂದು ಮಲ್ಟಿಮೀಟರ್ ಮಾತ್ರ. ಗಾಡಿ ರಾತ್ರಿಯೆಲ್ಲ ನಿಂತಿದ್ದಾಗ ಚೆನ್ನಾಗಿ ಚಾರ್ಜ್ ಆಗಿರುವ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ; 12ರ ಆಸುಪಾಸಿಗೆ ಇಳಿದಿದ್ದರೆ ಅದು ಬಹುಪಾಲು ಖಾಲಿಯಾಗಿದೆ ಎಂದು ಅರ್ಥ. ಎಂಜಿನ್ ಓಡುತ್ತಿರುವಾಗ ಸಾಮಾನ್ಯವಾಗಿ 13.8ರಿಂದ 14.5ರವರೆಗೆ ಬಂದರೆ ಆಲ್ಟರ್ನೇಟರ್ ತನ್ನ ಕೆಲಸ ಮಾಡುತ್ತಿದೆ. ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ನೆಗೆಟಿವ್ ತುದಿಗೂ ಎಂಜಿನ್ ಬ್ಲಾಕಿಗೂ ನಡುವೆ ಮೀಟರ್ ಹಿಡಿದಾಗ ಅರ್ಧ ವೋಲ್ಟಿಗಿಂತ ಹೆಚ್ಚು ಕಾಣಿಸಿದರೆ ಅರ್ತಿಂಗ್, ಅಂದರೆ ಬ್ಯಾಟರಿಯ ನೆಗೆಟಿವ್ ತುದಿಯನ್ನು ಎಂಜಿನ್ನಿಗೆ ಸೇರಿಸುವ ಸಂಪರ್ಕ, ಸರಿಯಿಲ್ಲ. ಆ ಕಾರಿನಲ್ಲಿ ಕೊನೆಗೆ ಸಿಕ್ಕಿದ್ದು ಇದೇ: ಕಿಲುಬು ಹಿಡಿದ ಅರ್ತಿಂಗ್ ಪಟ್ಟಿ. ಮೂರು ಅಳತೆಗಳಿಗೆ ಹತ್ತು ನಿಮಿಷವೂ ಬೇಕಿರಲಿಲ್ಲ, ಆದರೂ ಮೊದಲ ಗ್ಯಾರೇಜಿನಲ್ಲಿ ಯಾರೂ ಮೀಟರನ್ನು ಕೈಗೆತ್ತಿಕೊಂಡಿರಲಿಲ್ಲ. ಇದನ್ನು ನಾನು ಅನುಭವ ಎಂದು ಕರೆಯಲಾರೆ.

"ಈಗ ಎಲ್ಲವೂ ಕಂಪ್ಯೂಟರ್, ಸ್ಕ್ಯಾನರ್ ಹಾಕಿದರೆ ಅದೇ ಹೇಳುತ್ತದೆ" ಎನ್ನುವವರ ಗುಂಪು ಇನ್ನೊಂದಿದೆ. 2020ರ ಏಪ್ರಿಲ್ 1ರಿಂದ ದೇಶದಲ್ಲಿ ವಾಹನದ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಯಾದ ಮೇಲಂತೂ ಕಾರಿನ ಹೊಗೆಯ ಮೇಲೆ ಕಣ್ಣಿಡುವ ಸೆನ್ಸರ್‌ಗಳ ಮಹತ್ವ ಇನ್ನಷ್ಟು ಹೆಚ್ಚಿ, ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತೆಂದರೆ ಸ್ಕ್ಯಾನರ್ ಚುಚ್ಚುವುದೇ ರೋಗನಿರ್ಣಯ ಎಂಬ ಭಾವನೆ ಬಲವಾಗಿದೆ. ಇದು ತಪ್ಪು. ಕಾರಿನ ಕಂಪ್ಯೂಟರಿನಿಂದ ಸ್ಕ್ಯಾನರ್ ಓದಿ ಕೊಡುವ ದೋಷದ ಸಂಕೇತ ರೋಗದ ಹೆಸರಲ್ಲ, ರೋಗಲಕ್ಷಣದ ಹೆಸರು. ಪಿ0171 ಎಂಬ ಸಂಕೇತವನ್ನು ತೆಗೆದುಕೊಳ್ಳಿ. ಎಂಜಿನ್ನಿಗೆ ಹೋಗುತ್ತಿರುವ ಗಾಳಿಗೆ ಹೋಲಿಸಿದರೆ ಇಂಧನ ಕಡಿಮೆ ಬೀಳುತ್ತಿದೆ ಎಂಬುದಷ್ಟೇ ಅದರ ಅರ್ಥ. ಯಾವುದೋ ರಬ್ಬರ್ ಪೈಪ್ ಬಿರುಕು ಬಿಟ್ಟು ಗಾಳಿ ಒಳಗೆ ಸೇರುತ್ತಿರಬಹುದು, ಒಳಬರುವ ಗಾಳಿಯನ್ನು ಅಳೆಯುವ ಸೆನ್ಸರ್ ಕೊಳೆಯಾಗಿರಬಹುದು, ಪೆಟ್ರೋಲ್ ಪಂಪ್ ಸೊರಗಿರಬಹುದು, ಇಂಜೆಕ್ಟರ್ ಕಟ್ಟಿಕೊಂಡಿರಬಹುದು. ಇದನ್ನೆಲ್ಲ ಬಿಟ್ಟು ಹೊಗೆಯಲ್ಲಿನ ಆಮ್ಲಜನಕವನ್ನು ಅಳೆದು ಸುದ್ದಿ ಕೊಡುವ ಆಕ್ಸಿಜನ್ ಸೆನ್ಸರನ್ನು ಬದಲಿಸುವುದು, ಕಳ್ಳ ಬಂದ ಎಂದು ಕೂಗಿದ ಕಾವಲುಗಾರನನ್ನೇ ಹಿಡಿದು ಕಟ್ಟಿಹಾಕಿದಂತೆ. ಸುದ್ದಿ ಕೊಟ್ಟದ್ದು ಆ ಸೆನ್ಸರ್. ಸುದ್ದಿ ನಿಜವೋ ಅಲ್ಲವೋ ಎಂದು ಹೊಗೆ ಬಿಟ್ಟು ಸೋರಿಕೆ ಹುಡುಕಿ, ಇಂಧನದ ಒತ್ತಡಕ್ಕೆ ಗೇಜ್ ಹಾಕಿ ನೋಡುವುದೇ ಮೆಕ್ಯಾನಿಕ್ ಕೆಲಸ.

ಪಿ0420 ಎಂದು ಬಂದಾಗ ಪಣ ಇನ್ನೂ ದೊಡ್ಡದು. ಹೊಗೆಯಲ್ಲಿನ ವಿಷಾನಿಲಗಳನ್ನು ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇರಬೇಕಾದಷ್ಟು ಸಮರ್ಥವಾಗಿಲ್ಲ ಎಂದು ಆ ಸಂಕೇತ ಹೇಳುತ್ತದೆ, ಮತ್ತು ಆ ಭಾಗದೊಳಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂನಂಥ ಲೋಹಗಳಿರುವುದರಿಂದ ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ. ಸೈಲೆನ್ಸರ್ ಕೊಳವೆಯಲ್ಲಿ ಸೋರಿಕೆ ಇದ್ದರೂ ಇದೇ ಸಂಕೇತ ಬರಬಹುದು. ಎಂಜಿನ್ ಮಿಸ್ ಹೊಡೆದು ಉರಿಯದ ಪೆಟ್ರೋಲ್ ಹೋಗಿ ಕನ್ವರ್ಟರನ್ನು ಸುಟ್ಟಿದ್ದರೆ, ಮಿಸ್ ಹೊಡೆಯುವುದನ್ನು ಸರಿಪಡಿಸದೆ ಹಾಕಿದ ಹೊಸ ಕನ್ವರ್ಟರ್ ಕೂಡ ಸುಡುತ್ತದೆ. ಸಂಕೇತ ಓದಿ ಎಸ್ಟಿಮೇಟ್ ಬರೆದವರನ್ನು ನಿಲ್ಲಿಸಿ ಕೇಳಿ: ಸಂಕೇತ ಬಂದ ಮೇಲೆ ನೀವು ಏನನ್ನು ಅಳೆದು ನೋಡಿದಿರಿ?

ಈಗ ನನಗೆ ಅತ್ಯಂತ ಸಿಟ್ಟು ಬರಿಸುವ ಸಂಗತಿಗೆ ಬರುತ್ತೇನೆ. ಕಾರು ಹೀಟ್ ಆಗುತ್ತಿದೆ ಎಂದ ಕೂಡಲೇ "ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಬೇಕು" ಎನ್ನುವ ಮಾತು ಎಷ್ಟು ಮನೆಗಳ ಉಳಿತಾಯವನ್ನು ತಿಂದುಹಾಕಿದೆಯೋ! (ಹೆಡ್ ಗ್ಯಾಸ್ಕೆಟ್ ಎಂದರೆ ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಇಡುವ ಪದರ.) ಯಾವಾಗ ಹೀಟ್ ಆಗುತ್ತದೆ ಎಂದು ಮೊದಲು ಕೇಳಬೇಕಲ್ಲವೇ? ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಾಗ ತಾಪಮಾನದ ಮುಳ್ಳು ಏರಿ, ಗಾಡಿ ಓಡತೊಡಗಿದ ಮೇಲೆ ಇಳಿದರೆ ಅನುಮಾನ ಮೊದಲು ಹೋಗಬೇಕಾದದ್ದು ರೇಡಿಯೇಟರ್ ಫ್ಯಾನ್, ಅದರ ರಿಲೇ ಮತ್ತು ಫ್ಯೂಸಿನ ಕಡೆಗೆ. ಹೆದ್ದಾರಿಯಲ್ಲಿ ವೇಗವಾಗಿ ಹೋಗುವಾಗಲೇ ಏರಿದರೆ ಎಂಜಿನ್ ತಣಿಸುವ ದ್ರವವಾದ ಕೂಲೆಂಟ್ ಕಡಿಮೆಯಾಗಿದೆಯೇ, ಅದರ ಹರಿವಿಗೆ ದಾರಿ ಬಿಡುವ ಥರ್ಮೋಸ್ಟಾಟ್ ತೆರೆದುಕೊಳ್ಳುತ್ತಿದೆಯೇ, ರೇಡಿಯೇಟರ್ ಕಟ್ಟಿಕೊಂಡಿದೆಯೇ ಎಂದು ನೋಡಬೇಕು. ಎಂಜಿನ್ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳದ ಜಾಗಕ್ಕೆ ಒಂದು ಕೈಪಂಪ್ ಜೋಡಿಸಿ ಒತ್ತಡ ಕೊಟ್ಟರೆ ಸೋರಿಕೆ ಇದ್ದಲ್ಲಿ ಪಂಪಿನ ಮುಳ್ಳು ತಾನೇ ಇಳಿಯುತ್ತದೆ. ಹೆಡ್ ಗ್ಯಾಸ್ಕೆಟ್ ಕುರಿತು ನಿಜವಾದ ಅನುಮಾನವಿದ್ದರೆ ಅದಕ್ಕೂ ಪರೀಕ್ಷೆಯಿದೆ. ಕೂಲೆಂಟ್ ಮೇಲಿನ ಗಾಳಿಯನ್ನು ನೀಲಿ ಬಣ್ಣದ ಒಂದು ದ್ರವದ ಮೂಲಕ ಹಾಯಿಸುತ್ತಾರೆ. ಸಿಲಿಂಡರಿನ ಸುಟ್ಟ ಅನಿಲ ಅದರೊಳಗೆ ಸೇರಿದ್ದರೆ ಪೆಟ್ರೋಲ್ ಗಾಡಿಯಲ್ಲಿ ಆ ನೀಲಿ ದ್ರವ ಹಳದಿಗೆ ತಿರುಗುತ್ತದೆ. ಸಿಲಿಂಡರಿನೊಳಗಿನ ಒತ್ತಡವನ್ನು ಅಳೆಯುವ ಕಂಪ್ರೆಷನ್ ಗೇಜ್ ಹಾಕಿ ಪಕ್ಕಪಕ್ಕದ ಎರಡು ಸಿಲಿಂಡರ್‌ಗಳು ಒಟ್ಟಿಗೇ ಸೊರಗಿವೆಯೇ ಎಂದೂ ನೋಡಬಹುದು. ಇಷ್ಟೆಲ್ಲ ದಾರಿಗಳಿರುವಾಗ ಏನನ್ನೂ ಅಳೆಯದೆ ಎಂಜಿನ್ನಿನ ತಲೆ ಬಿಚ್ಚುವವರನ್ನು ನಂಬು ಎಂದು ನನಗೆ ಯಾರೂ ಹೇಳಬೇಡಿ. ತಾಪಮಾನದ ಮುಳ್ಳು ಕೆಂಪು ಗೆರೆ ದಾಟಿದ ಗಾಡಿಯನ್ನು ಮಾತ್ರ ಓಡಿಸಬಾರದು, ಏಕೆಂದರೆ ಆಗ ಅಲ್ಯುಮಿನಿಯಂ ಹೆಡ್ ಸೊಟ್ಟಗಾಗಿ, ಇರದಿದ್ದ ತೊಂದರೆಯೂ ನಿಜವಾಗಿಬಿಡುತ್ತದೆ.

"ಇದೆಲ್ಲ ಕಂಪನಿ ಸರ್ವಿಸ್ ಸೆಂಟರ್‌ಗೆ ಸರಿ, ನಮ್ಮ ಬೀದಿಯ ಸಣ್ಣ ಗ್ಯಾರೇಜಿನವರ ಬಳಿ ಇಷ್ಟು ಸಾಮಾನು ಎಲ್ಲಿಂದ ಬರಬೇಕು" ಎಂದು ಕೇಳುವವರಿಗೆ ಅರ್ಧ ಸಮ್ಮತಿ, ಅರ್ಧ ವಿರೋಧ. ಬಿಡಿಭಾಗಗಳನ್ನೂ ದೋಷ ಪತ್ತೆಯ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳಿಗೆ 2,500 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತ್ತು. ಸಣ್ಣ ಗ್ಯಾರೇಜಿನವರ ಕೈ ಕಟ್ಟಿಹಾಕಿದವರು ಯಾರು ಎಂಬುದಕ್ಕೆ ಆ ಆದೇಶವೇ ಸಾಕ್ಷಿ, ಮತ್ತು ಈ ವಿಷಯದಲ್ಲಿ ನಾನು ಸಂಪೂರ್ಣವಾಗಿ ಅವರ ಪಕ್ಷ. ಆದರೆ ಮಲ್ಟಿಮೀಟರ್, ಕಂಪ್ರೆಷನ್ ಗೇಜ್, ಒತ್ತಡದ ಕೈಪಂಪ್ ಯಾವ ಕಂಪನಿಯ ಗುಟ್ಟೂ ಅಲ್ಲ. ಇನ್ನು ದೊಡ್ಡ ಸರ್ವಿಸ್ ಸೆಂಟರ್ ಎಂದ ಮಾತ್ರಕ್ಕೆ ಪ್ರಶ್ನೆ ಕೇಳಬಾರದೆಂದೇನೂ ಇಲ್ಲ. ಅಲ್ಲಿ ನಿಮ್ಮೊಡನೆ ಮಾತನಾಡುವ ಸರ್ವಿಸ್ ಅಡ್ವೈಸರ್ ಸಾಮಾನ್ಯವಾಗಿ ಗಾಡಿಯನ್ನು ಮುಟ್ಟಿದವರಲ್ಲ. ಒಳಗೆ ಯಾರೋ ಹೇಳಿದ್ದನ್ನು ಹೊರಗೆ ಬಂದು ಹೇಳುವವರು. ಗಾಡಿ ನೋಡಿದ ಟೆಕ್ನಿಷಿಯನ್ ಅವರನ್ನೇ ಕರೆಸಿ ಎನ್ನಿ, ಏನನ್ನು ಅಳೆದಿರಿ ಎಂದು ಅವರನ್ನೇ ಕೇಳಿ.

ಎಸಿಯ ವಿಚಾರವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಕಲಬುರಗಿ, ರಾಯಚೂರಿನ ಕಡೆಯ ವೀಕ್ಷಕರು ಬೇಸಿಗೆ ಬಂದಾಗಲೆಲ್ಲ ಇದನ್ನೇ ಕೇಳುತ್ತಾರೆ. "ಗ್ಯಾಸ್ ಖಾಲಿಯಾಗಿದೆ, ತುಂಬಿಸಿಬಿಡೋಣ" ಎಂಬ ಮಾತು ಪ್ರತಿ ವರ್ಷ ಕೇಳಿಬಂದರೆ ಅಲ್ಲಿ ರೋಗನಿರ್ಣಯ ಆಗಿಯೇ ಇಲ್ಲ. ಎಸಿಯ ಗ್ಯಾಸ್ ಉರಿದು ಮುಗಿಯುವ ವಸ್ತುವಲ್ಲ. ಅದು ಮುಚ್ಚಿದ ಕೊಳವೆಗಳೊಳಗೇ ಸುತ್ತುತ್ತಿರುತ್ತದೆ. ಹಲವು ವರ್ಷಗಳಲ್ಲಿ ಅಲ್ಪಸ್ವಲ್ಪ ಇಳಿಯುವುದು ಸಹಜ, ಒಂದೇ ಬೇಸಿಗೆಯಲ್ಲಿ ಖಾಲಿಯಾದರೆ ಅದು ಸೋರಿಕೆ. ನೈಟ್ರೋಜನ್ ತುಂಬಿ ಒತ್ತಡ ನಿಲ್ಲುತ್ತದೆಯೇ ಎಂದು ನೋಡಿದರೆ ಅಥವಾ ಬಣ್ಣದ ದ್ರವ ಹಾಕಿ ನೇರಳಾತೀತ ದೀಪ ಹಿಡಿದರೆ ಸೋರುವ ಜಾಗ ಸಿಗುತ್ತದೆ. ಅದನ್ನು ಮಾಡದೆ ತುಂಬಿಸುವವರು ಮುಂದಿನ ವರ್ಷದ ಬಿಲ್ಲನ್ನೂ ಇವತ್ತೇ ಬರೆಯುತ್ತಿದ್ದಾರೆ. ಎಸಿಯ ಬಗ್ಗೆಯೇ ಒಂದು ಪೂರ್ಣ ಸಂಚಿಕೆ ನಮ್ಮ ವಾಹಿನಿಯಲ್ಲಿದೆ. ಬೇಸಿಗೆಗೆ ಮೊದಲು ಅದನ್ನು ದಯವಿಟ್ಟು ನೋಡಿ, ಕಾರಿರುವ ನಿಮ್ಮ ಬಂಧುಗಳಿಗೂ ಕಳುಹಿಸಿ.

ಪರೀಕ್ಷೆಗೆ ಸಮಯ ಹಿಡಿಯುತ್ತದೆ, ಅದಕ್ಕೆ ಯಾರು ಹಣ ಕೊಡುತ್ತಾರೆ ಎಂದು ಮೆಕ್ಯಾನಿಕ್ ಮಿತ್ರರೊಬ್ಬರು ನನ್ನನ್ನು ಕೇಳಿದ್ದರು. ನಾವು ಕೊಡಬೇಕು, ಮತ್ತೇನು? ಬಿಡಿಭಾಗಕ್ಕೆ ಸಾವಿರಾರು ರೂಪಾಯಿ ಎಣಿಸಿಕೊಡುವ ನಾವು "ನೋಡಿದ್ದಕ್ಕೂ ದುಡ್ಡೇ?" ಎಂದು ಹುಬ್ಬೇರಿಸುವುದರಿಂದಲೇ, ನೋಡದೆ ಬದಲಿಸುವ ಅಭ್ಯಾಸ ಬೆಳೆದಿದೆ. ಒಂದು ಗಂಟೆ ಕೂತು ದೋಷ ಹುಡುಕಿದವರಿಗೆ, ಅವರು ಏನನ್ನೂ ಬದಲಿಸದಿದ್ದರೂ, ಆ ಗಂಟೆಯ ಕೂಲಿಯನ್ನು ಗೌರವದಿಂದ ಕೊಡಿ.

ಬ್ರೇಕಿನ ವಿಷಯದಲ್ಲಿ ಮಾತ್ರ ಕ್ರಮ ಬದಲಾಗುತ್ತದೆ. ಬ್ರೇಕ್ ಹಿಡಿಯುತ್ತಿಲ್ಲ ಎಂದು ಯಾರೇ ಹೇಳಲಿ, ಮೊದಲು ಗಾಡಿ ನಿಲ್ಲಿಸಿ. ಚಾರ್ಮಾಡಿ ಘಾಟಿ ಇಳಿಯುತ್ತಾ ಯಾರೂ ಎರಡನೆಯ ಅಭಿಪ್ರಾಯ ಹುಡುಕಲಾಗದು. ಆದರೆ ನಿಂತ ಗಾಡಿಯ ಚಕ್ರ ಬಿಚ್ಚಿಸಿ ಬ್ರೇಕ್ ಪ್ಯಾಡ್ ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ನೋಡಲು ಏನಡ್ಡಿ? ಸುಮಾರು 3 ಮಿಲಿಮೀಟರಿಗೆ ಬಂದಿದ್ದರೆ ಬದಲಿಸಿ. ಪ್ಯಾಡ್ ಒತ್ತಿ ಹಿಡಿಯುವ ಡಿಸ್ಕ್ ಎಷ್ಟು ತೆಳುವಾಗಬಹುದು ಎಂಬುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ.

ಇಷ್ಟಾದ ಮೇಲೂ "ನಂಬಿಕೆಯೇ ಇಲ್ಲದಿದ್ದರೆ ಗ್ಯಾರೇಜಿಗೆ ಯಾಕೆ ಹೋಗಬೇಕು" ಎನ್ನುವವರಿದ್ದಾರೆ. ಗಾಡಿ ಕೆಟ್ಟಿದೆ, ಅದಕ್ಕೇ ಹೋಗಬೇಕು! ಏನನ್ನು ಅಳೆದಿರಿ ಎಂಬ ಪ್ರಶ್ನೆಗೆ ಯಾರಾದರೂ ಸಿಡುಕಿದರೆ ಕೀ ವಾಪಸ್ ತೆಗೆದುಕೊಂಡು ಹೊರಡಿ. ಉತ್ತರ ಕೊಟ್ಟರೆ ಆ ರೀಡಿಂಗನ್ನು ಗ್ಯಾರೇಜಿನ ಜಾಬ್ ಕಾರ್ಡಿನ (ಕೆಲಸದ ಚೀಟಿಯ) ಮೇಲೆ ಬರೆಯಿಸಿಕೊಳ್ಳಿ, ಬದಲಿಸಿದ ಹಳೆಯ ಭಾಗವನ್ನು ಕೇಳಿ ಪಡೆಯಿರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವೆಯ ಕೊರತೆಯ ಬಗ್ಗೆ ದೂರು ಕೊಡಬೇಕಾಗಿ ಬಂದರೆ ಆ ಕಾಗದವೂ ಆ ಭಾಗವೂ ನೆರವಿಗೆ ಬರುತ್ತವೆ. ಮೊದಲು ಮಾತನಾಡಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ನಿಮ್ಮ ಬಳಿ ಈಗ ಯಾವುದಾದರೂ ದೊಡ್ಡ ಎಸ್ಟಿಮೇಟ್ ಇದ್ದರೆ, ಗ್ಯಾರೇಜಿನ ಹೆಸರನ್ನೂ ನಿಮ್ಮ ಗಾಡಿಯ ನಂಬರನ್ನೂ ಅಳಿಸಿ ನನಗೆ ಕಳುಹಿಸಿ. ಮುಂದಿನ ಸಂಚಿಕೆಯಲ್ಲಿ ಅವುಗಳಲ್ಲಿ ಕೆಲವನ್ನು ಸಾಲುಸಾಲಾಗಿ ಓದಿ, ಯಾವ ಸಾಲಿನ ಹಿಂದೆ ಅಳತೆ ಇದೆ, ಯಾವುದರ ಹಿಂದೆ ಇಲ್ಲ ಎಂದು ನಿಮ್ಮ ಮುಂದೆಯೇ ಗುರುತು ಹಾಕುತ್ತೇನೆ.