ಬೀದರ್ ಝರಿಯಿಂದ ಹಜೂರ್ ಸಾಹಿಬ್‌ವರೆಗೆ: ನೀರು, ಉಕ್ಕು, ಕಡಾ ಪ್ರಸಾದ

ಸಿಖ್ ಕ್ಷೇತ್ರ ಅಂದ ತಕ್ಷಣ ನಮ್ಮವರು ಅಮೃತಸರದ ಟಿಕೆಟ್ ಹುಡುಕುತ್ತಾರೆ. ಹುಡುಕಲಿ, ತಪ್ಪೇನಿಲ್ಲ. ಆದರೆ ಸಿಖ್ಖರ ಐದು ತಖ್ತ್‌ಗಳಲ್ಲಿ, ಅಂದರೆ ಪರಮೋಚ್ಚ ಧರ್ಮಪೀಠಗಳಲ್ಲಿ, ಒಂದು ಗೋದಾವರಿ ದಂಡೆಯ ನಾಂದೇಡ್‌ನಲ್ಲಿದೆ. ದೀಕ್ಷೆ ಪಡೆದ ಸಿಖ್ಖರ ಪಂಥವಾದ ಖಾಲ್ಸಾದ ಮೊದಲ ಐವರಲ್ಲಿ ಒಬ್ಬರು ಬೀದರಿನವರು. ಪಂಜಾಬಿನ ಮುಕ್ತಸರದ ಕಾಳಗದಲ್ಲಿ ಕತ್ತಿ ಹಿಡಿದ ವೀರಮಹಿಳೆ ಮಾಯಿ ಭಾಗೋ ಕಡೆಗಾಲ ಕಳೆದದ್ದು ಬೀದರಿನ ಪಕ್ಕದ ಜನವಾಡದಲ್ಲಿ. ಬೆಂಗಳೂರು–ನಾಂದೇಡ್ ರೈಲು ಬೀದರ್ ಮೇಲೆ ಹಾದೇ ಹೋಗುತ್ತದೆ. ನಡುವೆ ಇಳಿದರೆ ಒಂದೇ ಪ್ರವಾಸದಲ್ಲಿ ಮೂರೂ ಜಾಗ ಮುಗಿಯುತ್ತವೆ. ಎಲ್ಲಿ ಏನನ್ನು ಗಮನಿಸಬೇಕು, ಎಲ್ಲಿ ಎಡವುತ್ತೀರಿ, ಅದನ್ನು ಈ ವಿಡಿಯೊದಲ್ಲಿ ಹೇಳುತ್ತೇವೆ.

ಈಗ ಕಾಣುತ್ತಿರುವುದು ಬೀದರಿನ ಗುರುದ್ವಾರ ನಾನಕ್ ಝೀರಾ ಸಾಹಿಬ್. ಮೂರು ಕಡೆ ಜಂಬಿಟ್ಟಿಗೆ ಗುಡ್ಡ, ನಡುವೆ ಈ ಕಣಿವೆ. ಗುರು ನಾನಕರು ದಕ್ಷಿಣದ ಯಾತ್ರೆಯಲ್ಲಿ, ಅಂದರೆ 1510–14ರ ಸುಮಾರಿಗೆ, ಇಲ್ಲಿ ತಂಗಿದ್ದರು ಅನ್ನುತ್ತದೆ ಪರಂಪರೆ. ಕುಡಿಯುವ ನೀರಿಲ್ಲ ಅಂತ ಊರವರು ಗೋಳು ತೋಡಿಕೊಂಡಾಗ ಗುರುಗಳು ಪಾದುಕೆಯ ತುದಿಯಿಂದ ಒಂದು ಕಲ್ಲು ಸರಿಸಿದರಂತೆ, ಸಿಹಿನೀರು ಚಿಮ್ಮಿತಂತೆ. ಗುರುದ್ವಾರದ ಕಟ್ಟಡ 1948ರದು. ನೀರು ಇವತ್ತಿಗೂ ಹರಿದು ಎದುರಿನ ಅಮೃತಕುಂಡ ಸೇರುತ್ತದೆ.

ಈ ಗುಡ್ಡದ ಕಲ್ಲನ್ನು ಹತ್ತಿರದಿಂದ ನೋಡಿ. ಮೈತುಂಬ ತೂತು, ಕೆಂಪು ಬಣ್ಣ. ಬೀದರ್ ಊರು ನಿಂತಿರುವುದೇ ಈ ಜಂಬಿಟ್ಟಿಗೆಯ ಟೊಪ್ಪಿಗೆಯ ಮೇಲೆ. ಮಳೆನೀರು ತೂತುಗಳಲ್ಲಿ ಇಳಿಯುತ್ತದೆ. ಕೆಳಗೆ ಜೇಡಿಯಂಥ ಪದರ, ಅದರಡಿ ಬಸಾಲ್ಟ್ ಕರಿಕಲ್ಲು. ಅಲ್ಲಿಂದ ಕೆಳಕ್ಕೆ ದಾರಿಯಿಲ್ಲದೆ ನೀರು ಪಕ್ಕಕ್ಕೆ ಸರಿದು ಕಣಿವೆಯ ಅಂಚಿನಲ್ಲಿ ಹೊರಬೀಳುತ್ತದೆ. ಎದೆಮಟ್ಟದ ನೀರಲ್ಲಿ ನಡೆದು ದರ್ಶನ ಪಡೆಯುವ ಝರಣಿ ನರಸಿಂಹ, ನೌಬಾದಿನ ಸುರಂಗ ಬಾವಿ ಕರೇಜ್, ಎರಡಕ್ಕೂ ಇದೇ ಕಲ್ಲು ಕಾರಣ. ಭಕ್ತಿಗೂ ಭೂವಿಜ್ಞಾನಕ್ಕೂ ಇಲ್ಲಿ ಜಗಳ ಹಚ್ಚುವ ಅಗತ್ಯ ಕಾಣುವುದಿಲ್ಲ. ಎಚ್ಚರ ಮಾತ್ರ ಬೇಕು: ಮೇಲಿನ ಗುಡ್ಡವನ್ನು ಕಾಂಕ್ರೀಟು ಮುಚ್ಚಿದಷ್ಟೂ ಕೆಳಗಿನ ಝರಿ ಸೊರಗುತ್ತದೆ. ಕುಂಡದ ಹತ್ತಿರ ಸೋಪು, ಶಾಂಪೂ ಬಳಸಬೇಡಿ.

ಒಳಗೆ ಹೋಗುವ ಕ್ರಮ ಎಲ್ಲ ಗುರುದ್ವಾರಗಳಲ್ಲೂ ಒಂದೇ. ಚಪ್ಪಲಿಯನ್ನು ಜೋಡಾ ಘರ್‌ನಲ್ಲಿ ಕೊಟ್ಟು ಟೋಕನ್ ತಗೊಳ್ಳಿ. ಕೈಕಾಲು ತೊಳೆದು ತಲೆ ಮುಚ್ಚಿಕೊಳ್ಳಿ. ಕ್ಯಾಪ್ ನಡೆಯುವುದಿಲ್ಲ, ಬಾಗಿಲಲ್ಲೇ ಬಟ್ಟೆ ಇಟ್ಟಿರುತ್ತಾರೆ, ಆದರೆ ಜಾರುತ್ತಲೇ ಇರುತ್ತದೆ. ಒಂದು ಗಜದ ಹತ್ತಿ ಬಟ್ಟೆ ಮನೆಯಿಂದ ತಂದು ಹಿಂದೆ ಗಂಟು ಹಾಕಿಕೊಂಡರೆ ಕೈ ಬಿಡುವಾಗಿರುತ್ತದೆ. ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್ ಎದುರು ಹಣೆ ನೆಲಕ್ಕೆ ಮುಟ್ಟಿಸಿ, ಎಡದಿಂದ ಸುತ್ತು ಹಾಕಿ ಕೂತುಕೊಳ್ಳಿ. ಗ್ರಂಥದ ಕಡೆ ಕಾಲು ಚಾಚಬೇಡಿ. ಜೇಬಲ್ಲಿ ಗುಟ್ಕಾ, ಬೀಡಿ, ಸಿಗರೇಟು ಇದ್ದರೆ ರೂಮಲ್ಲೇ ಬಿಟ್ಟು ಬನ್ನಿ. ಮಿಕ್ಕ ತಪ್ಪುಗಳನ್ನು ನಗುತ್ತಾ ತಿದ್ದುತ್ತಾರೆ, ತಂಬಾಕಿನ ವಿಷಯದಲ್ಲಿ ಮಾತ್ರ ರಿಯಾಯಿತಿ ಇಲ್ಲ.

ಇನ್ನು ಬೀದರಿನ ಆ ಮನುಷ್ಯನ ವಿಷಯಕ್ಕೆ ಬರೋಣ. 1699ರ ವೈಶಾಖಿ, ಪಂಜಾಬಿನ ಆನಂದಪುರ. ಸಿಖ್ಖರ ಹತ್ತನೆಯ ಗುರು ಗೋಬಿಂದ್ ಹಿರಿದ ಕತ್ತಿ ಹಿಡಿದು ತಲೆ ಕೊಡುವವರು ಯಾರು ಅಂತ ಕೇಳಿದಾಗ ಒಬ್ಬೊಬ್ಬರಾಗಿ ಐವರು ಎದ್ದರು. ಲಾಹೋರಿನ ದಯಾ ರಾಮ್, ಹಸ್ತಿನಾಪುರದ ಧರಮ್ ದಾಸ್, ಪುರಿಯ ಹಿಮ್ಮತ್ ರಾಯ್, ದ್ವಾರಕೆಯ ಮೊಹ್ಕಮ್ ಚಂದ್, ಬೀದರಿನ ಸಾಹಿಬ್ ಚಂದ್. ಸಾಹಿಬ್ ಚಂದ್ ಕ್ಷೌರಿಕರ ಮನೆತನದವರು, ಹಿಮ್ಮತ್ ರಾಯ್ ನೀರು ಹೊರುವವರು. ಕೂದಲು ಕತ್ತರಿಸುವ ಕಸುಬಿನವರೊಬ್ಬರು ಕೂದಲನ್ನೇ ವ್ರತವಾಗಿ ಉಳಿಸಿಕೊಳ್ಳುವ ಪಂಥದ ಮೊದಲ ಐವರಲ್ಲಿ ನಿಂತರು.

ಆ ದಿನದ ವಿಧಿಯೇ ಇವತ್ತಿನ ಅಮೃತ ಸಂಚಾರ, ಅಂದರೆ ಖಾಲ್ಸಾ ದೀಕ್ಷೆ. ಸರ್ಬಲೋಹದ, ಅಂದರೆ ಶುದ್ಧ ಕಬ್ಬಿಣದ ಬಾಟಾ ಎಂಬ ಬಟ್ಟಲಲ್ಲಿ ನೀರು, ಅದಕ್ಕೆ ಬತ್ತಾಸು. ಐವರು ಸುತ್ತ ವೀರಾಸನದಲ್ಲಿ, ಅಂದರೆ ಬಲ ಮಂಡಿ ನೆಲಕ್ಕೂರಿ ಎಡ ಮಂಡಿ ಎತ್ತಿ ಕೂರುತ್ತಾರೆ. ಖಂಡಾ, ಅಂದರೆ ಎರಡಲಗಿನ ನೇರ ಕತ್ತಿಯಿಂದ ನೀರನ್ನು ತಿರುವುತ್ತಾ ಜಪ್‌ಜಿ, ಜಾಪ್, ಸವೈಯೆ, ಚೌಪಾಯಿ, ಆನಂದ್ ಎಂಬ ಐದು ಬಾಣಿಗಳನ್ನು, ಅಂದರೆ ಪವಿತ್ರ ಪಠ್ಯಗಳನ್ನು, ಹೇಳುತ್ತಾರೆ. ದೀಕ್ಷೆ ಪಡೆಯುವವರಿಗೆ ಐದು ಬೊಗಸೆ ಕುಡಿಯಲು, ಐದು ಸಲ ಕಣ್ಣಿಗೆ, ಐದು ಸಲ ಕೇಶಕ್ಕೆ. ಐವರಿಗೂ ಅಮೃತ ಕೊಟ್ಟ ಮೇಲೆ ಗುರುಗಳೇ ಅವರೆದುರು ಕೈಯೊಡ್ಡಿ ಅಮೃತ ಬೇಡಿದರು, ಗೋಬಿಂದ್ ರಾಯ್ ಹೋಗಿ ಗೋಬಿಂದ್ ಸಿಂಗ್ ಆದರು. ಗುರುವಿಗೆ ದೀಕ್ಷೆ ಕೊಟ್ಟ ಐವರಲ್ಲಿ ಬೀದರಿನವರೊಬ್ಬರು ಇದ್ದರು ಅನ್ನುವುದು ನಮ್ಮ ಶಾಲೆಯ ಪುಸ್ತಕದಲ್ಲಿ ಒಂದು ಸಾಲಾದರೂ ಇರಬೇಕಿತ್ತು. ದೀಕ್ಷೆಯ ನಂತರ ಸಾಹಿಬ್ ಚಂದ್ ಭಾಯಿ ಸಾಹಿಬ್ ಸಿಂಗ್ ಆದರು. ಅವರು ಮಡಿದದ್ದು ಚಮ್ಕೌರ್ ಕಾಳಗದಲ್ಲಿ, ಮೊಹ್ಕಮ್ ಸಿಂಗ್ ಮತ್ತು ಹಿಮ್ಮತ್ ಸಿಂಗ್ ಜೊತೆಗೆ.

ಬೀದರಿನಿಂದ 11 ಕಿಲೋಮೀಟರ್ ಹೋದರೆ ಜನವಾಡ, ಮಾಯಿ ಭಾಗೋ ಅವರ ತಪಸ್ಥಾನ. ಆಟೊ ಮಾಡಿಕೊಂಡು ಅರ್ಧ ದಿನದಲ್ಲಿ ಹೋಗಿಬರಬಹುದು, ಜನಸಂದಣಿ ಕಡಿಮೆ. ಆನಂದಪುರದ ಮುತ್ತಿಗೆಯಲ್ಲಿ ಹಸಿವು ತಾಳಲಾರದೆ, ನಾವು ನಿಮ್ಮ ಸಿಖ್ಖರಲ್ಲ ಅಂತ ಬೇದಾವಾ ಬರೆದುಕೊಟ್ಟು ಊರಿಗೆ ಮರಳಿದ್ದ ನಲವತ್ತು ಮಂದಿಯನ್ನು ಹುರಿದುಂಬಿಸಿ ವಾಪಸು ಕರೆತಂದವರು ಈ ತಾಯಿ. 1705ರಲ್ಲಿ ಖಿದ್ರಾನಾ ಕೆರೆಯ ದಂಡೆಯಲ್ಲಿ ಕಾಳಗ. ಸುತ್ತಮುತ್ತ ಒಣ ಪ್ರದೇಶ, ನೀರಿರುವುದು ಅದೊಂದೇ ಕಡೆ. ಪೊದೆಗಳ ಮೇಲೆ ಬಟ್ಟೆ ಹರವಿ ಡೇರೆಗಳಿವೆ ಅನ್ನಿಸುವಂತೆ ಮಾಡಿದರು ಅಂತ ಹೇಳುತ್ತಾರೆ. ಕೆರೆ ಸಿಗದೆ ಮೊಘಲ್ ಪಡೆ ಹಿಂದೆ ಸರಿಯಿತು. ನಲವತ್ತೂ ಮಂದಿ ಮುಗಿದುಹೋದರು, ಗುರುಗಳು ಆ ಬೇದಾವಾ ಪತ್ರವನ್ನು ಹರಿದು ಹಾಕಿದರು, ಊರು ಮುಕ್ತಸರ ಆಯಿತು. ಗಾಯಗೊಂಡು ಬದುಕುಳಿದ ಮಾಯಿ ಭಾಗೋ ಗುರುಗಳ ಜೊತೆ ನಾಂದೇಡ್‌ವರೆಗೆ ಬಂದರು. 1708ರಲ್ಲಿ ಗುರುಗಳು ತೀರಿಕೊಂಡ ಮೇಲೆ ಜನವಾಡಕ್ಕೆ ಬಂದು ನೆಲೆಸಿದರು.

ಸರಿ, ನಾಂದೇಡ್‌ಗೆ ಬಂದೆವು. ತಖ್ತ್ ಸಚ್‌ಖಂಡ್ ಶ್ರೀ ಹಜೂರ್ ಅಬ್ಚಲ್‌ನಗರ್ ಸಾಹಿಬ್. ಮಹಾರಾಜ ರಣಜಿತ್ ಸಿಂಗ್ 1832ರಿಂದ 1837ರ ನಡುವೆ ಕಟ್ಟಿಸಿದ ಕಟ್ಟಡ. ಇದು ಗುರು ಗೋಬಿಂದ್ ಸಿಂಗರ ಅಂತ್ಯಸಂಸ್ಕಾರ ನಡೆದ ಜಾಗ, ಒಳಕೋಣೆಗೆ ಅಂಗೀಠಾ ಸಾಹಿಬ್ ಅನ್ನುತ್ತಾರೆ. ಸರ್‌ಹಿಂದಿನ ವಜೀರ್ ಖಾನ್ ಕಳಿಸಿದ ಪಠಾಣರು ಇರಿದ ಗಾಯಕ್ಕೆ ಹೊಲಿಗೆ ಹಾಕಿದ್ದರು. ಗಟ್ಟಿ ಬಿಲ್ಲೊಂದನ್ನು ಎಳೆದಾಗ ಆ ಹೊಲಿಗೆ ಬಿಚ್ಚಿತು ಅನ್ನುತ್ತದೆ ಚರಿತ್ರೆ. 1708ರ ಅಕ್ಟೋಬರ್ 7ರಂದು ತೀರಿಕೊಂಡರು, ಅದಕ್ಕೂ ಮೊದಲು ಗುರು ಪದವಿಯನ್ನು ಗ್ರಂಥಕ್ಕೆ ಒಪ್ಪಿಸಿದ್ದರು.

ಒಳಗೆ ಕ್ಯಾಮೆರಾ ಇಲ್ಲ, ಹಾಗಾಗಿ ಮಾತಲ್ಲೇ ಕೇಳಿಸಿಕೊಳ್ಳಿ. ಬೆಳಗಿನ ಜಾವಕ್ಕೂ ಮೊದಲೇ ಗಾಗರಿಯಾ ಸಿಂಗ್ ಅನ್ನುವ ಸೇವಾದಾರರು ಗೋದಾವರಿಗೆ ನಡೆದುಹೋಗಿ ಕೊಡದಲ್ಲಿ ನೀರು ತರುತ್ತಾರೆ. ಆ ನೀರಿನಲ್ಲೇ ಒಳಕೋಣೆ ತೊಳೆಯುವುದು. ಒಳಗೆ ಹೋಗುವುದು ಪೂಜಾರಿ ಮಾತ್ರ. ಸಂಜೆ ದೀಪದಾರತಿ ನಡೆಯುತ್ತದೆ. ಪಂಜಾಬಿನ ಬಹುತೇಕ ಗುರುದ್ವಾರಗಳಲ್ಲಿ ಆರತಿಯನ್ನು ಹಾಡುತ್ತಾರೆ, ದೀಪ ಬೆಳಗುವುದಿಲ್ಲ. ಇಲ್ಲಿ ಗುರು ಗೋಬಿಂದ್ ಸಿಂಗರ ಹೆಸರಿನ ದಸಮ ಗ್ರಂಥವನ್ನೂ ತೆರೆದಿಡುತ್ತಾರೆ. ಈ ಎರಡನ್ನು ಮೊದಲೇ ತಿಳಿದುಕೊಂಡು ಹೋದರೆ, ಅಮೃತಸರ ನೋಡಿದವರಿಗೆ ಗೊಂದಲ ಆಗುವುದಿಲ್ಲ.

ಆರತಿಯ ಹೊತ್ತಿಗೆ ಶಸ್ತ್ರ ದರ್ಶನ. ಇಲ್ಲಿರುವ ಗುರುಗಳ ಶಸ್ತ್ರಗಳಲ್ಲಿ ಚಿನ್ನದ ಕಠಾರಿ, 35 ಬಾಣಗಳಿರುವ ಬತ್ತಳಿಕೆ, ಎರಡು ಬಿಲ್ಲು, ಬತ್ತಿಕೋವಿ, ರತ್ನ ಕೂರಿಸಿದ ಉಕ್ಕಿನ ಗುರಾಣಿ, ಐದು ಕತ್ತಿಗಳು ಸೇರಿವೆ. ನಮಗೆ ಥಟ್ಟನೆ ನೆನಪಾಗುವುದು ಆಯುಧಪೂಜೆ. ನಾವು ವರ್ಷಕ್ಕೊಮ್ಮೆ ಕುಂಕುಮ ಹಚ್ಚಿ ಕೈಮುಗಿಯುತ್ತೇವೆ. ಇಲ್ಲಿ ದಿನಾ ನಡೆಯುತ್ತದೆ, ಶಸ್ತ್ರವೇ ಗುರುಗಳ ಸನ್ನಿಧಿ ಅನ್ನುವ ಭಾವ. ದರ್ಶನಕ್ಕೆ ಸಂಜೆ ಸಾಕಷ್ಟು ಮುಂಚೆ ಹೋಗಿ ನೇರಕ್ಕೆ ಕೂತುಕೊಳ್ಳಿ. ಕಂಬದ ಹಿಂದೆ ಸಿಕ್ಕಿಹಾಕಿಕೊಂಡರೆ ಬರೀ ಧ್ವನಿ ಕೇಳಿಕೊಂಡು ಬರಬೇಕಾಗುತ್ತದೆ. ಆವರಣದಲ್ಲಿರುವ ಬುಂಗಾ ಮಾಯಿ ಭಾಗೋ, ಅಂದರೆ ಮಾಯಿ ಭಾಗೋ ಅವರ ನಿವಾಸದ ಜಾಗ, ಅದನ್ನೂ ಬಿಡಬೇಡಿ. ಜನವಾಡದಲ್ಲಿ ಕೇಳಿದ ಕಥೆಯ ಆಯುಧಗಳು ಅಲ್ಲಿವೆ.

ದೀಪಾವಳಿಗೆ ಮುಂಚೆ ತಖ್ತ್ ಸ್ನಾನ. ಭಕ್ತರು ಗೋದಾವರಿಯಿಂದ ಕೊಡ ಹೊತ್ತು ತಂದು ಇಡೀ ತಖ್ತ್ ತೊಳೆಯುತ್ತಾರೆ, ಶಸ್ತ್ರಗಳನ್ನೂ ಶುಚಿ ಮಾಡುತ್ತಾರೆ. ದಸರಾ ಮತ್ತು ಹೋಳಿಯ ಮರುದಿನದ ಹೋಲಾ ಮೊಹಲ್ಲಾಕ್ಕೆ ಮೆರವಣಿಗೆ. ನಿಶಾನ್ ಸಾಹಿಬ್ ಅನ್ನುವ ಸಿಖ್ ಧ್ವಜ, ಕುದುರೆಗಳು, ಹಿರಿದ ಕತ್ತಿ ಹಿಡಿದ ಜನ. ಒಂದು ಕಡೆ ಎಲ್ಲರೂ ನಿಂತು, ಕೂಗು ಎದ್ದಕೂಡಲೇ ದಾಳಿಯಿಡುವಂತೆ ಓಡುತ್ತಾರೆ, ಅದೇ ಹಲ್ಲಾ. ರಸ್ತೆ ನಡುವೆ ಮೊಬೈಲ್ ಎತ್ತಿಕೊಂಡು ನಿಲ್ಲುವ ಸಮಯ ಅದಲ್ಲ. ಪಕ್ಕದ ಎತ್ತರದ ಕಟ್ಟೆ ಹಿಡಿಯಿರಿ, ಚಿಕ್ಕ ಮಕ್ಕಳನ್ನು ಕೆಳಗೆ ಬಿಡಬೇಡಿ.

ಮೆರವಣಿಗೆಯಲ್ಲಿ ಕಾಣುವ ಸಿಖ್ಖರ ಸಮರಕಲೆ ಗತ್ಕಾ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಯಾಕೆಂದರೆ ರೀಲ್ಸ್ ನೋಡಿ ಅದನ್ನು ಸರ್ಕಸ್ ಅಂದುಕೊಂಡವರೇ ಜಾಸ್ತಿ. ಕಲಿಯುವವನ ಕೈಗೆ ಮೊದಲು ಬರುವುದು ಸೋಟಿ, ಸುಮಾರು ಒಂದು ಮೀಟರ್ ಉದ್ದದ ಕೋಲು, ಹಿಡಿಯ ಬಳಿ ಬೆರಳು ಕಾಯುವ ಬುಟ್ಟಿ. ಇನ್ನೊಂದು ಕೈಗೆ ಫರ್ರಿ, ಗೇಣಗಲದ ಚರ್ಮದ ಗುರಾಣಿ. ಆದರೆ ಪಾಠ ಶುರುವಾಗುವುದು ಕಾಲಿನಿಂದ. ಪೆಂತ್ರಾ ಅನ್ನುವ ಹೆಜ್ಜೆ: ಹಿಮ್ಮಡಿ ಹಗುರ, ಭಾರ ಮುಂಗಾಲಿನ ಮೇಲೆ, ಸುತ್ತುತ್ತಾ ಸುತ್ತುತ್ತಾ ಜಾಗ ಬದಲಿಸುವುದು. ಹೊಸಬರು ಮಾಡುವ ತಪ್ಪು ಎರಡು. ಒಂದು, ಕಾಲುಗಳನ್ನು ಅಡ್ಡ ಹಾಯಿಸುವುದು. ಆ ಗಳಿಗೆಯಲ್ಲಿ ಯಾರಾದರೂ ತಳ್ಳಿದರೆ ಬೀಳುವುದು ಖಂಡಿತ. ಇನ್ನೊಂದು, ಕಾಲು ನಿಂತಿರುವಾಗ ಕೈ ಮಾತ್ರ ಬೀಸುವುದು. ಆಗ ಹೊಡೆತದ ಬಲವೆಲ್ಲ ಭುಜದಿಂದಲೇ ಬರಬೇಕು, ಭುಜ ಬೇಗ ಸೋಲುತ್ತದೆ. ನಗಾರಿಯ ಲಯಕ್ಕೆ ಹೆಜ್ಜೆ ಹಾಕಿಸುವುದರಿಂದ ಇವೆರಡೂ ತಾನಾಗಿ ತಿದ್ದಿಕೊಳ್ಳುತ್ತವೆ.

ತಲೆಯ ಮೇಲೆ ತಿರುಗಿಸುವ ಚಕ್ಕರ್ ನೋಡಿ, ಬಂಡಿಯ ಗಾಲಿಯಂಥ ಚೌಕಟ್ಟು, ಅಂಚಿಗೆ ಹಗ್ಗಗಳು, ತುದಿಗೆ ಗುಂಡು. ವೇಗ ಇರುವವರೆಗೆ ಹಗ್ಗ ಬಿಗಿಯಾಗಿ ನಿಂತು ಯಾರನ್ನೂ ಹತ್ತಿರ ಬಿಡುವುದಿಲ್ಲ. ವೇಗ ಇಳಿದರೆ ಗುಂಡುಗಳು ಆಡಿಸುವವನ ಮೈಮೇಲೇ ಬೀಳುತ್ತವೆ. ಅದಕ್ಕೇ ನಿಲ್ಲಿಸುವುದನ್ನು ಬೇರೆಯಾಗಿ ಅಭ್ಯಾಸ ಮಾಡಿಸುತ್ತಾರೆ. ಆಟಕ್ಕೆ ಮುಂಚೆ ನೆಲದ ಮೇಲೆ ಜೋಡಿಸಿಟ್ಟ ಶಸ್ತ್ರಗಳಿಗೆ ನಮಸ್ಕರಿಸಿಯೇ ಎತ್ತಿಕೊಳ್ಳುವುದು. ಸೆಲ್ಫಿಗೆ ಅಂತ ಅವುಗಳನ್ನು ದಾಟಿ ಹೋಗುವವರಿದ್ದಾರೆ, ದಯವಿಟ್ಟು ಆ ಕೆಲಸ ಮಾಡಬೇಡಿ.

ಈಗ ಪ್ರಸಾದ. ಕಡಾ ಪ್ರಸಾದದ ಲೆಕ್ಕ ಸುಲಭ: ಗೋಧಿಹಿಟ್ಟು, ತುಪ್ಪ, ಸಕ್ಕರೆ ಸಮಸಮ. ಮನೆಯಲ್ಲಿ ಮಾಡುವುದಾದರೆ ಒಂದೊಂದು ಬಟ್ಟಲಿಗೆ ಮೂರು ಬಟ್ಟಲು ನೀರು. ಹಿಟ್ಟು ಸ್ವಲ್ಪ ತರಿತರಿ ಇದ್ದರೆ ಒಳ್ಳೆಯದು. ನೀರಿಗೆ ಸಕ್ಕರೆ ಹಾಕಿ ಕರಗಿಸಿ, ಕುದಿ ಬರಲಿ, ಪಾಕ ಮಾತ್ರ ಬೇಡ. ಇನ್ನೊಂದು ಒಲೆಯಲ್ಲಿ ದಪ್ಪ ತಳದ ಕಬ್ಬಿಣದ ಬಾಣಲೆಗೆ ತುಪ್ಪ, ಹಿಟ್ಟು ಹಾಕಿ ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಿರಿ. ಮೊದಲು ಗಟ್ಟಿ, ಆಮೇಲೆ ಸಡಿಲ, ಬಣ್ಣ ಬಾದಾಮಿ ಸಿಪ್ಪೆಗೆ ತಿರುಗಿ ತುಪ್ಪ ಬಿಡತೊಡಗಿದರೆ ಹದ ಬಂತು. ಆಗ ಬಿಸಿ ಸಕ್ಕರೆ ನೀರು ಹೊಯ್ಯಿರಿ, ಮುಖ ದೂರ ಇಟ್ಟುಕೊಳ್ಳಿ, ಭುಸ್ಸಂತ ಉಕ್ಕಿ ಸಿಡಿಯುತ್ತದೆ. ತಣ್ಣೀರು ಹೊಯ್ದರೆ ಗಂಟು. ಹುರಿದದ್ದು ಸಾಲದಿದ್ದರೆ ಬಾಯಲ್ಲಿ ಅಂಟು. ತುಪ್ಪಕ್ಕೆ ಕೈ ಬಿಗಿ ಹಿಡಿದರೆ ಮುದ್ದೆಯಾಗುತ್ತದೆ, ಪ್ರಸಾದದ ನಯ ಬರುವುದಿಲ್ಲ.

ಗುರುದ್ವಾರದಲ್ಲಿ ತಲೆ ಮುಚ್ಚಿ, ಬಾಣಿ ಹೇಳುತ್ತಾ ಮಾಡುತ್ತಾರೆ. ಅರದಾಸ್, ಅಂದರೆ ನಿಂತು ಮಾಡುವ ಪ್ರಾರ್ಥನೆ ಆದ ಮೇಲೆ ಕಿರ್ಪಾನ್ ಅನ್ನುವ ಕಿರುಕತ್ತಿಯನ್ನು ಪ್ರಸಾದಕ್ಕೆ ತಾಗಿಸುತ್ತಾರೆ. ಅಲ್ಲಿಯವರೆಗೆ ಅದನ್ನು ಹಂಚುವುದಿಲ್ಲ. ಮೊದಲು ತೆಗೆಯುವ ಪಾಲು ಪಂಜ್ ಪ್ಯಾರೆಯರದು, ಅಂದರೆ ಆ ಮೊದಲ ಐವರದು, ಆ ಐದು ಪಾಲಿನಲ್ಲಿ ಒಂದು ಬೀದರಿನ ಸಾಹಿಬ್ ಸಿಂಗರ ಹೆಸರಿನದು ಅನ್ನಿ. ಕೂತೇ, ಎರಡೂ ಕೈ ಬೊಗಸೆ ಮಾಡಿ ತಗೊಳ್ಳಿ. ತುಪ್ಪ ಕೈಯಲ್ಲಿ ಉಳಿಯುತ್ತದೆ, ಗೋಡೆ, ಕಾರ್ಪೆಟ್ಟಿಗೆ ಒರೆಸುವ ಬದಲು ಒಂದು ಕರವಸ್ತ್ರ ಇಟ್ಟುಕೊಳ್ಳಿ. ಲಂಗರಿನಲ್ಲಿ, ಅಂದರೆ ಉಚಿತ ಸಾಮೂಹಿಕ ಊಟದಲ್ಲಿ, ರೊಟ್ಟಿಯನ್ನೂ ಎರಡೂ ಕೈಯೊಡ್ಡಿ ಪಡೆಯುವುದು, ತಟ್ಟೆಯಲ್ಲಿ ಏನನ್ನೂ ಬಿಡಬಾರದು. ಬೇಕಾದಷ್ಟು ಸಲ ಬಡಿಸುತ್ತಾರೆ, ಮೊದಲ ಸಲಕ್ಕೇ ಗುಡ್ಡೆ ಹಾಕಿಸಿಕೊಳ್ಳಬೇಡಿ.

ಹೊರಗಿನ ಅಂಗಡಿ ಸಾಲು ಕಂಡಾಗ ಕತ್ತಿ ಕೊಳ್ಳುವ ಆಸೆ ಆಗುತ್ತದೆ. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇದ್ದರೆ ಅದು ಶಸ್ತ್ರಾಸ್ತ್ರ ನಿಯಮಗಳ ವ್ಯಾಪ್ತಿಗೆ ಬರಬಹುದು, ರೈಲು ನಿಲ್ದಾಣದ ತಪಾಸಣೆಯಲ್ಲಿ ಉತ್ತರ ಕೊಡಬೇಕಾದವರು ನೀವು. ದೇಶದೊಳಗಿನ ವಿಮಾನದಲ್ಲಿ ಅಲಗು 6 ಇಂಚು, ಒಟ್ಟು 9 ಇಂಚು ಮೀರದ ಕಿರ್ಪಾನ್ ಧರಿಸಲು ಅನುಮತಿ ಇರುವುದು ಸಿಖ್ ಪ್ರಯಾಣಿಕರಿಗೆ, ಸ್ಮರಣಿಕೆಗೆ ಅದು ಲಾಗೂ ಆಗುವುದಿಲ್ಲ. ಕೈಬಳೆ ಕಡಾ ತಗೊಳ್ಳಿ, ತೊಂದರೆಯಿಲ್ಲ. ಹೆಬ್ಬೆರಳು ಒಳಗೆ ಮಡಚಿ ಹಾಕಿ ನೋಡಿ, ಗೆಣ್ಣಿನ ಹತ್ತಿರ ಸ್ವಲ್ಪ ಒತ್ತಿ ಒಳಗೆ ಹೋದರೆ ಅಳತೆ ಸರಿ. ಸರ್ಬಲೋಹದ್ದು ಬೇಕೋ ಸ್ಟೀಲಿನದು ಸಾಕೋ ಅಂತ ಕೇಳಿ ಕೊಳ್ಳಿ. ಸರ್ಬಲೋಹಕ್ಕೆ ನಮ್ಮ ಮಳೆಗಾಲದಲ್ಲಿ ತುಕ್ಕು ಹಿಡಿಯುತ್ತದೆ. ಸ್ನಾನ ಆದ ಮೇಲೆ ಒರೆಸಿ, ವಾರಕ್ಕೊಮ್ಮೆ ಒಂದು ಹನಿ ಎಣ್ಣೆ ಉಜ್ಜಿದರೆ ಕೈಗೆ ಕಲೆ ಆಗುವುದಿಲ್ಲ.