ನಿಧಾನದ ಪಾತ್ರೆ, ಅವಸರದ ಸಿಗಡಿ

ಕೇಳುಗರಿಗೆ ನಮಸ್ಕಾರ.

ಕರಾವಳಿಯಲ್ಲಿ ಸಿಗಡಿಗೆ ಹೆಸರಿನ ಬರವಿಲ್ಲ. ತುಳುವರಿಗೆ ಅದು ಎಟ್ಟಿ, ಕುಂದಾಪುರದ ಕಡೆಯವರಿಗೆ ಚಟ್ಲಿ, ಕೊಂಕಣಿಗರಿಗೆ ಸುಂಗಟ. ಹೆಸರು ಯಾವುದಾದರೂ ಒಲೆಯ ಮೇಲೆ ಅದಕ್ಕೆ ಸಲ್ಲುವ ಹೊತ್ತು ಬಹಳ ಕಡಿಮೆ ಎಂಬುದನ್ನು ಅಲ್ಲಿನ ಅಡುಗೆಮನೆಯಲ್ಲಿ ಬೆಳೆದವರು ಯಾರೂ ಹೇಳಿಕೊಡದೆಯೇ ಕಲಿತಿರುತ್ತಾರೆ. ಆ ಪಾಠವನ್ನು ನಾನು ಮರೆತದ್ದು ಅಮೆರಿಕದಲ್ಲಿರುವ ಮಗಳ ಮನೆಯಲ್ಲಿ, ಸ್ಲೋ ಕುಕ್ಕರ್ ಎಂಬ ವಿದ್ಯುತ್ ಪಾತ್ರೆಯ ಮುಂದೆ.

ಮಗಳು, ಅಳಿಯ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೊರಟಮೇಲೆ, ಫ್ರೀಜರಿನಲ್ಲಿದ್ದ ಸಿಗಡಿಯ ಪೊಟ್ಟಣವನ್ನು ಒಡೆದು, ಕಲ್ಲಿನಂತಿದ್ದ ತುಂಡುಗಳನ್ನು ಅರೆದ ಮಸಾಲೆಯೊಡನೆ ಆ ಪಾತ್ರೆಗೆ ಸುರಿದು, ಕಡಿಮೆ ಕಾವಿಗೆ ತಿರುಗಿಸಿಟ್ಟು, ಸಂಜೆಯವರೆಗೆ ಅದರ ಗೊಡವೆಗೆ ಹೋಗಲಿಲ್ಲ. ಸಂಜೆ ಮುಚ್ಚಳ ತೆಗೆದಾಗ ಕಂಡದ್ದು ತೆಳ್ಳನೆಯ ಕೆಂಪು ನೀರು, ಅದರ ತಳದಲ್ಲಿ ರಬ್ಬರಿನ ಉಂಗುರಗಳಂತೆ ಸುರುಟಿಕೊಂಡ ಸಿಗಡಿ. ಅಳಿಯಂದಿರು ಮರ್ಯಾದೆಗೆಂದು ಎರಡು ಸಲ ಬಡಿಸಿಕೊಂಡರು. ಮಗಳು ಮಾತನಾಡಲಿಲ್ಲ.

ತಪ್ಪು ಪಾತ್ರೆಯದಲ್ಲ. ಷಿಕಾಗೋದ ಇರ್ವಿಂಗ್ ನ್ಯಾಕ್ಸನ್ ಎಂಬವರು ಈ ಬಗೆಯ ಪಾತ್ರೆಗೆ 1940ರಲ್ಲಿ ಪೇಟೆಂಟ್ ಪಡೆದರು. ಸಬ್ಬತ್ತು ಎಂಬ ವಾರದ ವಿಶ್ರಾಂತಿಯ ದಿನ ಒಲೆ ಹೊತ್ತಿಸಬಾರದೆಂಬ ಕಟ್ಟಳೆಯಿದ್ದ ಲಿಥುವೇನಿಯಾದ ಯೆಹೂದಿ ಮನೆಗಳಲ್ಲಿ, ಕಾಳು ಮತ್ತು ಮಾಂಸ ತುಂಬಿದ ಮಡಕೆಯನ್ನು ಹಿಂದಿನ ಸಂಜೆಯೇ ಬೇಕರಿಯ ಆರುತ್ತಿರುವ ಒಲೆಯಲ್ಲಿಟ್ಟು ಮರುದಿನ ತೆಗೆಯುತ್ತಿದ್ದ ಕಥೆಯನ್ನು ಅವರು ಮನೆಯಲ್ಲಿ ಕೇಳಿ ಬೆಳೆದಿದ್ದರು. ಬೇರೊಂದು ಕಂಪೆನಿ ಆ ವಿನ್ಯಾಸವನ್ನು ಕೊಂಡು 1971ರಲ್ಲಿ ಕ್ರಾಕ್-ಪಾಟ್ ಎಂಬ ಹೆಸರಿನಲ್ಲಿ ಮಾರಿದ ಮೇಲೆ ಅದು ಅಲ್ಲಿನ ಮನೆಮನೆಯನ್ನು ಸೇರಿತು. ಅಂದರೆ ಇದು ಹುಟ್ಟಿದ್ದೇ ಗಟ್ಟಿ ಕಾಳಿಗಾಗಿ, ಗಟ್ಟಿ ಮಾಂಸಕ್ಕಾಗಿ. ಕುರಿಯ ಕಾಲಿನ ಮಾಂಸದಲ್ಲಿರುವ ಕೊಲಾಜೆನ್ ಎಂಬ ಬಿಗಿಯಾದ ಅಂಶ ಕರಗಿ ಮೆತ್ತಗಾಗಲು ಗಂಟೆಗಟ್ಟಲೆ ಕಾವು ಬೇಕು. ಸಿಗಡಿಯಲ್ಲಿ ಅಂಥದ್ದು ಇರುವುದೇ ಕಡಿಮೆ. ಅದರ ಒಳಭಾಗದ ಕಾವು 63 ಡಿಗ್ರಿ ಸೆಲ್ಸಿಯಸ್ ತಲಪಿದರೆ ಅಡುಗೆ ಮುಗಿಯಿತು. ಆಮೇಲಿನ ಕಾವೆಲ್ಲ ಮಾಂಸವನ್ನು ಹಿಂಡಿ ನೀರನ್ನು ಹೊರಹಾಕುವ ಕೆಲಸವನ್ನಷ್ಟೇ ಮಾಡುತ್ತದೆ.

ರುಚಿ ಕೆಟ್ಟದ್ದಕ್ಕಿಂತ ದೊಡ್ಡ ಅಪಾಯವೊಂದು ನನ್ನ ಆ ಸಾಹಸದಲ್ಲಿ ಅಡಗಿತ್ತು. 4ರಿಂದ 60 ಡಿಗ್ರಿಯ ನಡುವಣ ಉಗುರುಬೆಚ್ಚಗಿನ ಸ್ಥಿತಿ ರೋಗಾಣುಗಳಿಗೆ ಹಬ್ಬವಿದ್ದಂತೆ. ಮೊದಲೇ ನಿಧಾನವಾಗಿ ಕಾಯುವ ಪಾತ್ರೆಗೆ ಮಂಜಿನ ಗಡ್ಡೆಯನ್ನು ಹಾಕಿದರೆ ಇಡೀ ಸಾರು ಆ ಸ್ಥಿತಿಯಲ್ಲಿ ಬಹಳ ಹೊತ್ತು ನಿಲ್ಲುತ್ತದೆ, ಮತ್ತು ಕೆಲವು ರೋಗಾಣುಗಳು ಆ ಹೊತ್ತಿನಲ್ಲಿ ಬಿಟ್ಟ ವಿಷ ಆಮೇಲೆ ಎಷ್ಟು ಕುದಿಸಿದರೂ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ಮಾಂಸವನ್ನು ಐಸ್ ಬಿಡಿಸಿಯೇ ಸ್ಲೋ ಕುಕ್ಕರಿಗೆ ಹಾಕಬೇಕೆಂದು ಹೇಳುವುದು ಇದೇ ಕಾರಣಕ್ಕೆ. ಸಿಗಡಿಗೂ ಅದೇ ಮಾತು ಸಲ್ಲುತ್ತದೆ. ಹಿಂದಿನ ರಾತ್ರಿಯೇ ಪೊಟ್ಟಣವನ್ನು ಫ್ರಿಜ್ಜಿನ ಕೆಳಗಿನ ಅಂಕಣಕ್ಕೆ ಇಳಿಸಿಡುವುದು ಉತ್ತಮ. ಮರೆತಿದ್ದರೆ, ನೀರು ಒಳಹೋಗದಂತೆ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಅರ್ಧ ಗಂಟೆ ಮುಳುಗಿಸಿದರೆ ಸಾಕು. ಬಿಸಿನೀರು ಮಾತ್ರ ಬೇಡ, ಹೊರಪದರ ಅರೆಬೆಂದು ಒಳಗೆ ಮಂಜು ಹಾಗೆಯೇ ಉಳಿಯುತ್ತದೆ.

ಪೊಟ್ಟಣದ ಮೇಲಿನ ಅಕ್ಷರಗಳನ್ನು ಓದುವ ಅಭ್ಯಾಸವೂ ನನಗೆ ಆಮೇಲೆ ಬಂತು. 21/25 ಎಂದಿದ್ದರೆ ಒಂದು ಪೌಂಡಿಗೆ, ಅಂದರೆ ಸುಮಾರು 450 ಗ್ರಾಮಿಗೆ, 21ರಿಂದ 25 ಸಿಗಡಿ ತೂಗುತ್ತವೆ ಎಂದರ್ಥ. ಅಂಕಿ ಹೆಚ್ಚಿದಷ್ಟೂ ಸಿಗಡಿ ಸಣ್ಣದು. ಬೂದು ಬಣ್ಣದ್ದು ಹಸಿ, ಗುಲಾಬಿ ಬಣ್ಣದ್ದು ಆಗಲೇ ಬೇಯಿಸಿದ್ದು. ಬೇಯಿಸಿದ್ದನ್ನು ಈ ಪಾತ್ರೆಗೆ ಕೊಳ್ಳದಿರುವುದೇ ಲೇಸು. ಸೋಡಿಯಂ ಟ್ರೈಪಾಲಿಫಾಸ್ಫೇಟ್ ಎಂಬ ಹೆಸರು ಪಟ್ಟಿಯಲ್ಲಿದ್ದರೆ ಆ ಸಿಗಡಿ ನೀರನ್ನು ಹಿಡಿದಿಟ್ಟುಕೊಂಡಿದೆ, ಬೆಂದಾಗ ಅದನ್ನು ಸಾರಿಗೆ ಬಿಡುತ್ತದೆ ಎಂದು ತಿಳಿಯಬೇಕು. ಮಗಳ ಮನೆಯ ಪೊಟ್ಟಣದ ಮೇಲೆ ಭಾರತದ ಉತ್ಪನ್ನವೆಂದು ಅಚ್ಚಾಗಿದ್ದುದನ್ನು ಕಂಡು ನನಗೆ ನಗು ಬಂತು. ಮೆಕ್ಸಿಕೋದಿಂದ ಪೆರುವರೆಗಿನ ಶಾಂತಸಾಗರದ ತೀರ, ಇಂಥ ಪೊಟ್ಟಣಗಳಲ್ಲಿ ಬರುವ ವನಾಮಿ ಎಂಬ ಜಾತಿಯ ಸಿಗಡಿಯ ತವರು. ಭಾರತದಲ್ಲಿ ಅದರ ಸಾಕಣೆಗೆ 2009ರಲ್ಲಿ ಅನುಮತಿ ದೊರೆತ ಮೇಲೆ ಆಂಧ್ರದ ಕೊಳಗಳಲ್ಲಿ ಬೆಳೆದು, ಐಸಾಗಿ, ಮತ್ತೆ ಅಮೆರಿಕಕ್ಕೇ ಹಡಗು ಹತ್ತುತ್ತದೆ. ನಮ್ಮ ಅಳಿವೆಯ ಸಿಗಡಿಯ ಸಿಹಿ ಅದಕ್ಕಿಲ್ಲ ಎಂಬುದು ನನ್ನ ನಾಲಿಗೆಯ ತೀರ್ಪು. ಆದ್ದರಿಂದಲೇ ಅದಕ್ಕೆ ಒಳ್ಳೆಯ ಸಾರಿನ ಆಸರೆ ಬೇಕು.

ಆ ಸಾರನ್ನು ಮಾಡಲು ಸ್ಲೋ ಕುಕ್ಕರಿನಷ್ಟು ತಾಳ್ಮೆಯ ಪಾತ್ರೆ ಬೇರೊಂದಿಲ್ಲ. ಅರ್ಧ ಕಿಲೋ ಸಿಗಡಿಗೆ ಎಂಟು ಬ್ಯಾಡಗಿ ಮೆಣಸು, ಎರಡು ಚಮಚ ಕೊತ್ತಂಬರಿ, ಅರ್ಧ ಚಮಚ ಜೀರಿಗೆ, ಹತ್ತು ಕಾಳು ಮೆಂತ್ಯವನ್ನು ಹುರಿದು, ಒಂದು ಬಟ್ಟಲು ತೆಂಗಿನ ತುರಿ, ನಾಲ್ಕು ಎಸಳು ಬೆಳ್ಳುಳ್ಳಿ ಮತ್ತು ಅರಿಸಿನದೊಡನೆ ನುಣ್ಣಗೆ ಅರೆಯಬೇಕು. ಈರುಳ್ಳಿಯನ್ನು ಬಾಣಲೆಯಲ್ಲಿ ಕೆಂಪಗೆ ಬಾಡಿಸಿಯೇ ಹಾಕಬೇಕು, ಏಕೆಂದರೆ ಈ ಪಾತ್ರೆಗೆ ಬೇಯಿಸಲು ಬರುತ್ತದೆಯೇ ಹೊರತು ಹುರಿಯಲು ಬರುವುದಿಲ್ಲ. ಮುಚ್ಚಳದಡಿಯಿಂದ ಹಬೆ ಹೆಚ್ಚು ಹೋಗುವುದಿಲ್ಲವಾದ್ದರಿಂದ ಒಲೆಯ ಸಾರಿಗಿಂತ ನೀರು ಕಡಿಮೆ ಸಾಕು. ನಾಲ್ಕು ಎಸಳು ಪುನರ್ಪುಳಿ, ಅಂದರೆ ಒಣಗಿಸಿದ ಕೋಕಂ ಸಿಪ್ಪೆ, ಹಾಕಿ ಕಡಿಮೆ ಕಾವಿನಲ್ಲಿ ನಾಲ್ಕು ಗಂಟೆ ಬಿಟ್ಟರೆ ಮಸಾಲೆಯ ಹಸಿ ವಾಸನೆ ಪೂರ್ತಿ ಹೋಗಿ, ಮಣ್ಣಿನ ಮಡಕೆಯಲ್ಲಿ ಕೆಂಡದ ಮೇಲೆ ಕೂತ ಸಾರಿನ ಹದ ಬರುತ್ತದೆ. ನಡುನಡುವೆ ಮುಚ್ಚಳ ತೆಗೆದು ನೋಡುವ ಚಪಲ ಬೇಡ. ಒಮ್ಮೆ ಹೋದ ಕಾವು ಮರಳಲು ಬಹಳ ಹೊತ್ತು ಹಿಡಿಯುತ್ತದೆ.

ಊಟಕ್ಕೆ ಮುಕ್ಕಾಲು ಗಂಟೆಯಿರುವಾಗ ಕಾವನ್ನು ಹೆಚ್ಚಿಗೆ ತಿರುಗಿಸಿ, ಸಾರು ಚೆನ್ನಾಗಿ ಬಿಸಿಯಾದ ಮೇಲೆ, ಐಸ್ ಬಿಟ್ಟು, ಬೆನ್ನಿನ ಕಪ್ಪು ನರ ತೆಗೆದು, ನೀರು ಬಸಿದ ಸಿಗಡಿಯನ್ನು ಹಾಕಬೇಕು. ದೊಡ್ಡದಕ್ಕೆ 15ರಿಂದ 20 ನಿಮಿಷ, ಸಣ್ಣದಕ್ಕೆ ಹತ್ತೇ ನಿಮಿಷ. ಪಾತ್ರೆಯಿಂದ ಪಾತ್ರೆಗೆ ಕಾವು ಬೇರೆಯಾಗುವುದರಿಂದ ಗಡಿಯಾರಕ್ಕಿಂತ ಕಣ್ಣನ್ನು ನಂಬುವುದು ಕ್ಷೇಮ. ಬೂದು ಬಣ್ಣವೆಲ್ಲ ಹೋಗಿ ಮಾಂಸ ಬೆಳ್ಳಗೆ ಗಟ್ಟಿಯಾಗಿ, ಸಿಗಡಿ ಕುಡುಗೋಲಿನಂತೆ ಬಾಗಿದ್ದರೆ ಬೆಂದಿದೆ. ಬಳೆಯಂತೆ ಸುತ್ತಿಕೊಂಡಿದ್ದರೆ ಹೊತ್ತು ಮೀರಿದೆ. ಗುಂಡಿಯನ್ನು ಆರಿಸಿದರೂ ದಪ್ಪ ಪಿಂಗಾಣಿಯ ಕಾವು ಆರದ ಕಾರಣ, ಸಿಗಡಿಯನ್ನು ಕೂಡಲೇ ಬೇರೆ ಪಾತ್ರೆಗೆ ತೆಗೆದು ಬಡಿಸುವುದು ಒಳ್ಳೆಯದು.

ಉಳಿದ ಸಾರನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಮರುದಿನ ಅದನ್ನು ಒಲೆಯ ಮೇಲೆಯೇ ಕುದಿಸಬೇಕು, ಸ್ಲೋ ಕುಕ್ಕರಿನಲ್ಲಿ ಬಿಸಿಮಾಡಬಾರದು. ಹಾಗೆ ಎರಡನೆಯ ಬಾರಿ ಮಾಡಿದ ದಿನ ನಮ್ಮ ಮನೆಯಲ್ಲಿ ಮರುದಿನಕ್ಕೆ ಉಳಿದದ್ದು ಸಾರು ಮಾತ್ರ. ಅದನ್ನು ಬೆಳಿಗ್ಗೆ ನೀರುದೋಸೆಗೆ ಹಚ್ಚಿಕೊಂಡು ಮುಗಿಸಿದವರು ಅಳಿಯಂದಿರು.

ನಮಸ್ಕಾರ.